ಬೆಳಿಗ್ಗೆ ಏಳರ ವಿಮಾನ, ನಸುಕಿನ 3.40ರ ಅಲಾರಂ: ಹಾರಾಟವೇ ಕೆಲಸವಾದವರ ಆರೋಗ್ಯದ ಲೆಕ್ಕ

ಬೆಂಗಳೂರಿನಿಂದ ಬೆಳಿಗ್ಗೆ 7.05ಕ್ಕೆ ಹೊರಡುವ ಒಂದು ವಿಮಾನ. ಪೈಲಟ್ 6.05ಕ್ಕೆ ರಿಪೋರ್ಟ್ ಮಾಡಬೇಕು. ಮನೆ ಜಯನಗರದ ಕಡೆಗಿದ್ದರೆ ದೇವನಹಳ್ಳಿಯ ನಿಲ್ದಾಣಕ್ಕೆ 40 ಕಿಲೋಮೀಟರ್ ಮೀರಿದ ದಾರಿ. ಮಧ್ಯೆ ಇನ್ನೊಬ್ಬರನ್ನು ಹತ್ತಿಸಿಕೊಳ್ಳಬೇಕಾದ ಕ್ಯಾಬ್ 4.40ಕ್ಕೇ ಮನೆ ಮುಂದೆ ಬಂದು ನಿಲ್ಲುತ್ತದೆ. ಸ್ನಾನ, ಯೂನಿಫಾರಂ, ಒಂದು ಲೋಟ ಕಾಫಿ, ಹವಾಮಾನದ ವರದಿಯ ಮೇಲೊಂದು ಕಣ್ಣು. ಅಂದರೆ ಅಲಾರಂ 3.40ಕ್ಕೆ. ಏಳು ಗಂಟೆ ನಿದ್ದೆ ಬೇಕಿದ್ದರೆ ಹಿಂದಿನ ರಾತ್ರಿ 8.40ಕ್ಕೆ ಕಣ್ಣು ಮುಚ್ಚಿರಬೇಕು. ಆದರೆ ದಿನಾ ಹನ್ನೊಂದಕ್ಕೆ ಮಲಗುವ ದೇಹ ಎಂಟೂವರೆಗೆ ಮಲಗು ಎಂದರೆ ಕೇಳುವುದಿಲ್ಲ. ಮಾಮೂಲಿ ನಿದ್ದೆಯ ಹೊತ್ತಿಗೆ ಮುಂಚಿನ ಎರಡು ಮೂರು ಗಂಟೆ ದಿನದಲ್ಲೇ ಅತ್ಯಂತ ಎಚ್ಚರದ ಅವಧಿ ಎಂಬುದು ನಿದ್ರಾ ವಿಜ್ಞಾನದಲ್ಲಿ ಚೆನ್ನಾಗಿ ಸಾಬೀತಾದ ಸಂಗತಿ. ಹೊರಳಾಡಿ ಹೊರಳಾಡಿ ಹತ್ತೂವರೆಗೆ ನಿದ್ದೆ ಹತ್ತಿದರೆ ಸಿಗುವುದು ಐದು ಗಂಟೆ.

ಆ ಐದು ಗಂಟೆಯ ಬಲದ ಮೇಲೆ ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಹಾರಾಟ: ಬೆಂಗಳೂರು–ಪುಣೆ–ಬೆಂಗಳೂರು–ಕೊಚ್ಚಿ–ಬೆಂಗಳೂರು. ಕೊನೆಯ ಲ್ಯಾಂಡಿಂಗ್ ಮಧ್ಯಾಹ್ನ ಎರಡೂವರೆ ಆಸುಪಾಸು. ಲಾಗ್‌ಬುಕ್‌ನಲ್ಲಿ ಹಾರಾಟವೆಂದು ಬರೆಯುವುದು ಐದು ಚಿಲ್ಲರೆ ಗಂಟೆ. ಅಷ್ಟೊತ್ತಿಗೆ ಆತ ಎದ್ದು ಹನ್ನೊಂದು ಗಂಟೆಯಾಗಿದೆ, ದೇಹಕ್ಕೆ ಎರಡು ಗಂಟೆ ನಿದ್ದೆ ಬಾಕಿಯಿದೆ. ಇದೇ ರೋಸ್ಟರ್ (ಡ್ಯೂಟಿ ಪಟ್ಟಿ) ಮೂರು ದಿನ ಸತತವಾಗಿ ಬಂದರೆ ಬಾಕಿ ಆರು ಗಂಟೆ. ಆ ಬಾಕಿಯನ್ನು ಬರೆಯಲು ಯಾವ ದಾಖಲೆಯಲ್ಲೂ ಕಾಲಂ ಇಲ್ಲ.

ವಿಮಾನಯಾನ ಮತ್ತು ಆರೋಗ್ಯದ ಮಾತು ಬಂದಾಗಲೆಲ್ಲ ಚರ್ಚೆ ಮೊದಲು ಓಡುವುದು ವಿಕಿರಣದ ಕಡೆಗೆ. ವಿಕಿರಣ ಸುಳ್ಳಲ್ಲ, ಅದರ ಲೆಕ್ಕ ಮುಂದೆ ಬರುತ್ತದೆ. ಆದರೆ ಭಾರತದೊಳಗೆ ಹಾರುವ ಸಿಬ್ಬಂದಿಯ ದೇಹ ಕಟ್ಟುವ ದೊಡ್ಡ ಬೆಲೆ ನಿದ್ದೆಯದು. ನಿಯಮಗಳು ಮುಖ್ಯವಾಗಿ ಹಾರಿದ ಗಂಟೆಗಳನ್ನು ಎಣಿಸುತ್ತವೆ: ವರ್ಷಕ್ಕೆ ಗರಿಷ್ಠ 1,000. ದೇಹ ಎಣಿಸುವುದು ಕೆಟ್ಟ ರಾತ್ರಿಗಳನ್ನು. ವರ್ಷಕ್ಕೆ 700 ಗಂಟೆ ಮಾತ್ರ ಹಾರಿದವರು 900 ಗಂಟೆ ಹಾರಿದವರಿಗಿಂತ ಹೆಚ್ಚು ಬಳಲಿರಬಹುದು. ಆ 700 ಗಂಟೆ ಯಾವ ಹೊತ್ತಿನಲ್ಲಿ ಬಂದವು ಎಂಬುದೇ ಇಲ್ಲಿ ಮುಖ್ಯ.

ಎರಡರಿಂದ ಆರರವರೆಗೆ

ಮೆದುಳಿನಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗದ ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದಾದ ಜೀವಕೋಶಗಳ ಗೊಂಚಲೊಂದಿದೆ. ದೇಹದ ಗಡಿಯಾರ ಅದೇ. ಕಣ್ಣಿಗೆ ಬೀಳುವ ಬೆಳಕನ್ನು ನೋಡಿ ಅದು ದಿನದ ಲೆಕ್ಕ ಹಿಡಿಯುತ್ತದೆ. ಅದರ ಅಣತಿಯಂತೆ ದೇಹದ ಒಳಗಿನ ಉಷ್ಣತೆ ಬೆಳಗಿನ ಜಾವ ನಾಲ್ಕೈದರ ಸುಮಾರಿಗೆ ದಿನದ ಕನಿಷ್ಠಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈ ನಿಧಾನ, ಕಣ್ಣು ನಿಧಾನ, ತೀರ್ಮಾನ ನಿಧಾನ. ಎರಡರಿಂದ ಆರರವರೆಗಿನ ಈ ಅವಧಿಗೆ ವಿಮಾನಯಾನದ ನಿಯಮಗಳಲ್ಲಿ 'ವಿಂಡೋ ಆಫ್ ಸರ್ಕೇಡಿಯನ್ ಲೋ', ಅಂದರೆ ದೇಹದ ಗಡಿಯಾರ ತೀರಾ ಕೆಳಗಿಳಿಯುವ ಹೊತ್ತು, ಎಂದು ಹೆಸರು. ಹತ್ತು ವರ್ಷ ರಾತ್ರಿ ಡ್ಯೂಟಿ ಮಾಡಿ 'ರೂಢಿಯಾಗಿದೆ' ಎನ್ನುವವರ ದೇಹವೂ ಈ ಇಳಿಜಾರಿನಿಂದ ತಪ್ಪಿಸಿಕೊಳ್ಳುವುದಿಲ್ಲ. ರಜೆಯ ದಿನ ಮನೆಯವರ ಜೊತೆ ಹಗಲಿನ ಬದುಕಿಗೆ ಮರಳುವವರ ಗಡಿಯಾರ ರಾತ್ರಿಗೆ ಹೊಂದಿಕೊಳ್ಳುವುದೇ ಇಲ್ಲ.

ಇದರ ಅರ್ಥವೇನೆಂದು ಕರ್ನಾಟಕಕ್ಕೆ ವಿವರಿಸಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ಆರರ ಹೊತ್ತಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ವಿಚಾರಣೆಯಲ್ಲಿ ಗೊತ್ತಾದದ್ದು ಇಷ್ಟು: ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿದ್ದ 2 ಗಂಟೆ 5 ನಿಮಿಷದ ಪೈಕಿ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ನಮ್ಮ ಸಮಯದಲ್ಲಿ ರಾತ್ರಿ ಎರಡೂವರೆ ದಾಟಿದ ಮೇಲೆ ಹೊರಟ ವಿಮಾನವದು. ಹಾರಾಟ ಪೂರ್ತಿ ಆ ಇಳಿಜಾರಿನೊಳಗೇ ನಡೆದಿತ್ತು. ಕ್ಯಾಪ್ಟನ್ ಎದ್ದಾಗ ಇಳಿಯುವ ಕೆಲಸ ಶುರುವಾಗಿತ್ತು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹ ಪೈಲಟ್ ಮತ್ತೆ ಮತ್ತೆ ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರೋಣ) ಎಂದರು. ಕೊನೆಗೆ ಚಕ್ರ ನೆಲಕ್ಕೆ ತಾಗಿದ್ದು ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ. ಅಸ್ಥಿರವಾಗಿದ್ದ ಅವರೋಹಣವನ್ನು ಕೈಬಿಡದೇ ಹೋದದ್ದು ನೇರ ಕಾರಣ ಎಂದ ವರದಿ, ದೀರ್ಘ ನಿದ್ದೆಯಿಂದ ಎದ್ದವರಿಗೆ ಕವಿಯುವ ಮಂಪರನ್ನು ಅದಕ್ಕೆ ಕೂಡಿಕೊಂಡ ಕಾರಣವಾಗಿ ಬರೆಯಿತು.

ಈ ಮಂಪರು ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಕಣ್ಣು ಮುಚ್ಚಿದ ಮೊದಲ 20–25 ನಿಮಿಷ ಸಾಮಾನ್ಯವಾಗಿ ತೆಳು ನಿದ್ದೆ. ಆಗ ಎದ್ದರೆ ಹಗುರ ಎನಿಸುತ್ತದೆ. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆ. ನಿದ್ದೆಯ ಬಾಕಿ ಇದ್ದವರು ಇನ್ನೂ ಬೇಗ ಅಲ್ಲಿಗೆ ಇಳಿಯುತ್ತಾರೆ. ಅಲ್ಲಿಂದ ಎಬ್ಬಿಸಿದರೆ ಕಾಲು ಗಂಟೆಯಿಂದ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು, ಮೆದುಳು ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಮಾತಾಡುತ್ತಾರೆ, ಸ್ವಿಚ್ ಒತ್ತುತ್ತಾರೆ, ಆದರೆ 'ಇದು ಸರಿಯಿಲ್ಲ, ಬಿಟ್ಟುಬಿಡೋಣ' ಎಂಬ ತೀರ್ಮಾನ ಹುಟ್ಟುವುದಿಲ್ಲ.

ಹಾಗಂತ ಕಾಕ್‌ಪಿಟ್‌ನಲ್ಲಿ ಜೊಂಪು ತೆಗೆಯುವುದೇ ತಪ್ಪು ಎಂದು ತಿಳಿಯಬಾರದು. ಅಮೆರಿಕದ ನಾಸಾ 1990ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೀರ್ಘ ಹಾರಾಟದ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷದ ವಿರಾಮ ಕೊಟ್ಟರು. ಸರಾಸರಿ 26 ನಿಮಿಷ ನಿದ್ದೆ ಬಂತು. ನಂತರದ ಎಚ್ಚರ, ಪ್ರತಿಕ್ರಿಯೆ ಎರಡೂ ಸ್ಪಷ್ಟವಾಗಿ ಸುಧಾರಿಸಿದವು. ಅದರಿಂದ ಬೆಳೆದ ಕ್ರಮ ಇಂದು ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿದೆ: ಒಂದು ಸಲಕ್ಕೆ ಒಬ್ಬರೇ ಮಲಗಬೇಕು, ಇನ್ನೊಬ್ಬರು ಒಪ್ಪಿರಬೇಕು, ಕ್ಯಾಬಿನ್ ಸಿಬ್ಬಂದಿಗೆ ತಿಳಿಸಿ ಇಂತಿಷ್ಟು ಹೊತ್ತಿಗೆ ಇಂಟರ್‌ಕಾಂನಲ್ಲಿ ಕರೆಯಲು ಹೇಳಿರಬೇಕು, ಮುಕ್ಕಾಲು ಗಂಟೆ ಮೀರಬಾರದು, ಇಳಿಯಲು ಶುರು ಮಾಡುವುದಕ್ಕೆ ಕನಿಷ್ಠ 30 ನಿಮಿಷ ಮುಂಚೆ ಎದ್ದಿರಬೇಕು. ಮಂಗಳೂರಿನ ನಿದ್ದೆಗೆ ಈ ಯಾವ ಅಂಚೂ ಇರಲಿಲ್ಲ.

ನಿದ್ದೆಗೆಟ್ಟ ಮೆದುಳು ಎಷ್ಟು ಮಂಕಾಗುತ್ತದೆ ಎಂಬುದನ್ನು ಅಳೆದಿದ್ದಾರೆ. 17 ಗಂಟೆ ಸತತ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರಷ್ಟೇ ಕುಗ್ಗಿತ್ತು ಎಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. 24 ಗಂಟೆಗೆ ಅದು ಸುಮಾರು 0.10ಕ್ಕೆ ಸಮ. ಮದ್ಯದ ವಿಷಯದಲ್ಲಿ ನಮ್ಮ ನಿಯಮ ಎಷ್ಟು ಕಟ್ಟುನಿಟ್ಟು ನೋಡಿ: ಡ್ಯೂಟಿಗೆ 12 ಗಂಟೆ ಮುಂಚಿನಿಂದ ಮುಟ್ಟುವಂತಿಲ್ಲ, ಊದಿದಾಗ ಸೊನ್ನೆಯೇ ಬರಬೇಕು. ನಿದ್ದೆಗೆ ಅಂಥ ಉಪಕರಣವಿಲ್ಲ. ಹೆಚ್ಚು ಆತಂಕ ಹುಟ್ಟಿಸುವ ಸಂಗತಿ ಬೇರೊಂದು ಪ್ರಯೋಗದಿಂದ ಬಂತು. ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಗಮನ ರಾತ್ರಿಯಿಡೀ ನಿದ್ದೆ ಬಿಟ್ಟವರ ಮಟ್ಟಕ್ಕೆ ಕುಸಿದಿತ್ತು, ಆದರೂ ತಮಗೆ ಅಷ್ಟೇನೂ ನಿದ್ದೆ ಕೊರತೆಯಾಗಿಲ್ಲ ಎಂದೇ ಅವರು ಹೇಳುತ್ತಿದ್ದರು. 'ನಾನು ಫಿಟ್ ಇದ್ದೇನೆ' ಎಂಬ ಪ್ರಾಮಾಣಿಕ ಮಾತನ್ನೂ ಹಾಗಾಗಿ ಪೂರ್ತಿ ನಂಬುವಂತಿಲ್ಲ.

ದೀರ್ಘಕಾಲದ ಪರಿಣಾಮಗಳೂ ಇದೇ ಬೇರಿನವು. ರಾತ್ರಿ ಎರಡಕ್ಕೆ ತಿಂದ ಬಿರಿಯಾನಿಯ ಸಕ್ಕರೆಯನ್ನು ಮಧ್ಯಾಹ್ನ ಒಂದಕ್ಕೆ ತಿಂದದ್ದರಷ್ಟು ಚೆನ್ನಾಗಿ ದೇಹ ಸಂಭಾಳಿಸುವುದಿಲ್ಲ, ಇನ್ಸುಲಿನ್‌ನ ಕೆಲಸ ರಾತ್ರಿ ಸಪ್ಪೆ. ವರ್ಷಗಟ್ಟಲೆ ಪಾಳಿಯಲ್ಲಿ ದುಡಿಯುವವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಹೆಚ್ಚು. ನಮ್ಮವರಲ್ಲಂತೂ ಸಕ್ಕರೆ ಕಾಯಿಲೆ ಚಿಕ್ಕ ವಯಸ್ಸಿಗೇ, ಹೆಚ್ಚು ದಪ್ಪವಿಲ್ಲದವರಲ್ಲೂ ಕಾಣಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿಗೆ ಸೇರಿಸಿತು. 2019ರಲ್ಲಿ ರಾತ್ರಿ ಪಾಳಿಯನ್ನು ಮತ್ತೆ ಪರಿಶೀಲಿಸಿ ಅದೇ ಗುಂಪಿನಲ್ಲಿ ಉಳಿಸಿತು.

ನಿಯಮ ಬಂತು, ಪೈಲಟ್‌ಗಳು ಸಾಲಲಿಲ್ಲ

ದೇಶದ ನಾಗರಿಕ ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎ 2024ರ ಜನವರಿಯಲ್ಲಿ ಪೈಲಟ್‌ಗಳ ಡ್ಯೂಟಿ ಅವಧಿಯ ನಿಯಮಗಳನ್ನು ತಿದ್ದಿತು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. 'ರಾತ್ರಿ' ಎಂದರೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಐದರವರೆಗೆ ಎಂದಿದ್ದದ್ದು ಆರರವರೆಗೆ ಎಂದಾಯಿತು. ರಾತ್ರಿ ಡ್ಯೂಟಿಯಲ್ಲಿ ಆರು ಲ್ಯಾಂಡಿಂಗ್‌ವರೆಗೆ ಇದ್ದ ಅವಕಾಶ ಎರಡಕ್ಕೆ ಇಳಿಯಿತು. ದಣಿವಿನ ವರದಿಗಳನ್ನು ಪರಿಶೀಲಿಸಿ, ಏನು ಕ್ರಮ ಕೈಗೊಂಡಿರಿ ಎಂದು ಮೂರು ತಿಂಗಳಿಗೊಮ್ಮೆ ತಿಳಿಸುವ ಹೊಣೆ ಕಂಪನಿಗಳ ಮೇಲೆ ಬಿತ್ತು. 2024ರ ಜೂನ್‌ನಲ್ಲೇ ಬರಬೇಕಿದ್ದ ನಿಯಮ ಮುಂದಕ್ಕೆ ಹೋಗಿ, ದೆಹಲಿ ಹೈಕೋರ್ಟ್‌ವರೆಗೂ ವಿಷಯ ತಲುಪಿ, 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ಜಾರಿಯಾಯಿತು.

ಮುಂದಿನದು ಪ್ರಯಾಣಿಕರಿಗೆಲ್ಲ ನೆನಪಿದೆ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದವು. ಬೆಂಗಳೂರಿನಲ್ಲೂ ಜನ ಸೂಟ್‌ಕೇಸಿನ ಮೇಲೆ ತಲೆಯಿಟ್ಟು ಮಲಗಿದರು. ಡಿಜಿಸಿಎ ಆ ಕಂಪನಿಗೆ ರಾತ್ರಿ ಡ್ಯೂಟಿಯ ಕೆಲವು ನಿಯಮಗಳಿಂದ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಆ ದಿನಗಳಲ್ಲಿ ತೊಂದರೆಗೆಲ್ಲ ವಿಶ್ರಾಂತಿಯ ನಿಯಮವೇ ಕಾರಣ ಎಂಬ ಮಾತು ಬಹಳ ಕೇಳಿಬಂತು. ಅದು ಅನ್ಯಾಯದ ಮಾತು. ನಿಯಮ ಏನೆಂದು ಇಪ್ಪತ್ತು ತಿಂಗಳ ಮುಂಚೆಯೇ ಗೊತ್ತಿತ್ತು. ಒಂದು ವೇಳಾಪಟ್ಟಿಯನ್ನು ನಡೆಸಲು ಎಷ್ಟು ಪೈಲಟ್‌ಗಳು ಬೇಕು ಎಂಬುದು ಕೂಡಿ ಕಳೆದು ಹೇಳಬಹುದಾದ ಲೆಕ್ಕ. 12 ಗಂಟೆ ಹೆಚ್ಚು ವಿಶ್ರಾಂತಿ ಕೊಟ್ಟಾಗ ವ್ಯವಸ್ಥೆ ಬಿರಿಯಿತೆಂದರೆ, ಅಷ್ಟು ದಿನ ಅದನ್ನು ಹಿಡಿದು ನಿಲ್ಲಿಸಿದ್ದು ಪೈಲಟ್‌ಗಳ ನಿದ್ದೆ ಎಂದೇ ಅರ್ಥ.

ಇಷ್ಟಾದರೂ ಮೊದಲು ಹೇಳಿದ 7.05ರ ವಿಮಾನ ರಾತ್ರಿ ಡ್ಯೂಟಿಯ ಈ ನಿಯಮಗಳ ಬಲೆಯೊಳಗೆ ಬೀಳುವುದಿಲ್ಲ. 6.05ಕ್ಕೆ ಶುರುವಾದ ಡ್ಯೂಟಿ ಕಾಗದದ ಮೇಲೆ ಹಗಲಿನ ಡ್ಯೂಟಿ. 3.40ಕ್ಕೆ ಎದ್ದದ್ದು, ಒಂದು ಗಂಟೆಗೂ ಹೆಚ್ಚು ಹೊತ್ತು ಕ್ಯಾಬ್‌ನಲ್ಲಿ ಕೂತದ್ದು ಡ್ಯೂಟಿಯ ಲೆಕ್ಕಕ್ಕೆ ಬರುವುದಿಲ್ಲ. ದೆಹಲಿ, ಮುಂಬೈ, ಬೆಂಗಳೂರಿನಂಥ ಊರುಗಳಲ್ಲಿ ಮನೆಯಿಂದ ನಿಲ್ದಾಣದ ದೂರ ದಣಿವಿನ ದೊಡ್ಡ ಪಾಲು. ಕ್ಯಾಬಿನ್ ಸಿಬ್ಬಂದಿಯ ನಿಯಮಗಳಂತೂ ಬೇರೆಯೇ. ಅದೇ ವಿಮಾನದಲ್ಲಿ ಅದೇ ರಾತ್ರಿ ಹಾರಿದವರ ದಣಿವು ಎರಡು ಪುಸ್ತಕಗಳಲ್ಲಿ ಎರಡು ಬಗೆಯಾಗಿ ಲೆಕ್ಕವಾಗುತ್ತದೆ.

ವಿಕಿರಣ: ದಕ್ಷಿಣದ ಆಕಾಶ, ಧ್ರುವದ ಆಕಾಶ

ನಕ್ಷತ್ರಗಳ ನಡುವಿನಿಂದ ಬರುವ ಕಾಸ್ಮಿಕ್ ಕಣಗಳನ್ನು ತಡೆಯುವ ಗುರಾಣಿಗಳು ಎರಡು: ವಾಯುಮಂಡಲ ಮತ್ತು ಭೂಮಿಯ ಕಾಂತಕ್ಷೇತ್ರ. 35,000 ಅಡಿಯಲ್ಲಿ ಮೊದಲನೆಯ ಗುರಾಣಿಯ ಮುಕ್ಕಾಲು ಭಾಗ ಕೆಳಗುಳಿದಿರುತ್ತದೆ. ಎರಡನೆಯದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಕಾಂತೀಯ ಸಮಭಾಜಕ ಹಾದುಹೋಗುವ ದಕ್ಷಿಣ ಭಾರತದ ಮೇಲೆ ಅದು ಜಗತ್ತಿನಲ್ಲೇ ಅತಿ ಬಲವಾಗಿರುವ ಕಡೆಗಳಲ್ಲೊಂದು, ಧ್ರುವಗಳ ಬಳಿ ಬಹುತೇಕ ಇಲ್ಲವೇ ಇಲ್ಲ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ ಅವರ ತಂಡ 1939–40ರ ಚಳಿಗಾಲದಲ್ಲಿ ಬೆಂಗಳೂರಿಗೆ ಬಂದು ಬಲೂನುಗಳನ್ನು ಹಾರಿಸಿದ್ದು ಅಕ್ಷಾಂಶದೊಂದಿಗೆ ಕಾಸ್ಮಿಕ್ ಕಿರಣ ಹೇಗೆ ಬದಲಾಗುತ್ತದೆ ಎಂದು ಅಳೆಯುವುದಕ್ಕೇ. ಅದೇ ಕಾಲದಲ್ಲಿ ಹೋಮಿ ಭಾಭಾ ಇಲ್ಲಿನ ಐಐಎಸ್‌ಸಿಯಲ್ಲಿ ಕಾಸ್ಮಿಕ್ ಕಿರಣಗಳ ಅಧ್ಯಯನ ಕಟ್ಟುತ್ತಿದ್ದರು.

ಹಾಗಾಗಿ ಬೆಂಗಳೂರು–ದೆಹಲಿ ಹಾರಾಟದಲ್ಲಿ ಗಂಟೆಗೆ ಸುಮಾರು 2 ಮೈಕ್ರೋಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ, ಇಂಥ ಸಾವಿರ ಸೇರಿದರೆ ಒಂದು ಮಿಲಿಸೀವರ್ಟ್) ತಗಲಿದರೆ, ಯುರೋಪ್–ಉತ್ತರ ಅಮೆರಿಕ ಮಾರ್ಗದಲ್ಲಿ 5 ಅಥವಾ ಅದಕ್ಕೂ ಹೆಚ್ಚು. ವರ್ಷಕ್ಕೆ 800 ಗಂಟೆ ದೇಶದೊಳಗೆ ಹಾರಿದವರಿಗೆ ಒಂದೂವರೆ ಮಿಲಿಸೀವರ್ಟ್ ಆಸುಪಾಸು, ಉತ್ತರದ ದೂರದ ಮಾರ್ಗಗಳಲ್ಲೇ ಹಾರಿದವರಿಗೆ 4. ನೆಲದ ಮೇಲೆ ಕೂತ ನಮಗೆಲ್ಲ ಪ್ರಕೃತಿಯಿಂದಲೇ ಸಿಗುವ ಜಾಗತಿಕ ಸರಾಸರಿ ವರ್ಷಕ್ಕೆ 2.4. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ನೇರವಾಗಿ ಹಾರಿ ಬಂದದ್ದು ನೆನಪಿರಬಹುದು. ಅಂಥ 16–17 ಗಂಟೆಯ ಹಾರಾಟವನ್ನು ಗಂಟೆಗೆ 5ರಂತೆ ಹಿಡಿದರೂ 80 ಮೈಕ್ರೋಸೀವರ್ಟ್ ದಾಟುತ್ತದೆ, ಎದೆಯ ನಾಲ್ಕು ಎಕ್ಸ್‌ರೇಗಳಷ್ಟು. ಒಂದು ಹಾರಾಟಕ್ಕೆ ಇದು ಹೆದರುವ ಪ್ರಮಾಣವಲ್ಲ. ತಿಂಗಳಿಗೆ ನಾಲ್ಕೈದು ಸಲ, ಇಪ್ಪತ್ತು ವರ್ಷ ಎಂದಾಗ ಬರೆದಿಡಬೇಕಾದ ಪ್ರಮಾಣ.

ಬರೆದಿಡುವುದೇ ಇಲ್ಲಿನ ಕೊರತೆ. ಆಸ್ಪತ್ರೆಯ ಎಕ್ಸ್‌ರೇ ಕೊಠಡಿಯಲ್ಲಿ ಕೆಲಸ ಮಾಡುವವರ ಎದೆಯ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಅವರಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿಯಿದೆ: ಐದು ವರ್ಷದ ಸರಾಸರಿ 20, ಯಾವುದೇ ಒಂದು ವರ್ಷ 30 ಮಿಲಿಸೀವರ್ಟ್. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1990ರಲ್ಲೇ ಜೆಟ್ ವಿಮಾನದ ಸಿಬ್ಬಂದಿಯನ್ನೂ ವಿಕಿರಣದ ನಡುವೆ ದುಡಿಯುವವರ ಸಾಲಿಗೆ ಸೇರಿಸಿತು. ಯುರೋಪಿನಲ್ಲಿ ವರ್ಷಕ್ಕೆ 1 ಮಿಲಿಸೀವರ್ಟ್ ಮೀರುವ ಸಾಧ್ಯತೆಯಿದ್ದರೆ ಕಂಪನಿ ಪ್ರತಿಯೊಬ್ಬರ ಪ್ರಮಾಣವನ್ನು ಅಂದಾಜಿಸಬೇಕು, ರೋಸ್ಟರ್ ಹಾಕುವಾಗ ಅದನ್ನು ಗಮನಿಸಬೇಕು. ಇದಕ್ಕೆ ಬ್ಯಾಡ್ಜ್ ಕೂಡ ಬೇಕಿಲ್ಲ. ಮಾರ್ಗ, ಎತ್ತರ, ದಿನಾಂಕ ಕೊಟ್ಟರೆ ಲೆಕ್ಕ ಹಾಕಿ ಹೇಳುವ ತಂತ್ರಾಂಶಗಳಿವೆ.

2025ರ ನವೆಂಬರ್ ಕೊನೆಯಲ್ಲಿ ಏರ್‌ಬಸ್ ಸುಮಾರು 6,000 ಎ320 ಕುಟುಂಬದ ವಿಮಾನಗಳಿಗೆ ತುರ್ತು ತಿದ್ದುಪಡಿ ಮಾಡಿಸಿತು. ತೀವ್ರ ಸೌರ ವಿಕಿರಣದಿಂದ ನಿಯಂತ್ರಣ ಕಂಪ್ಯೂಟರ್‌ನ ದತ್ತಾಂಶ ಕೆಡಬಹುದು ಎಂಬುದು ಕಾರಣ. ಭಾರತದಲ್ಲೂ ಒಂದೆರಡು ದಿನದೊಳಗೆ ಬಹುತೇಕ ವಿಮಾನಗಳ ಕೆಲಸ ಮುಗಿಯಿತು. ಅದೇ ವಿಮಾನದಲ್ಲಿ ಕೂತವರ ವಿಕಿರಣದ ಲೆಕ್ಕವನ್ನೂ ಇಷ್ಟೇ ಶ್ರದ್ಧೆಯಿಂದ ಇಡುವುದು ಕಷ್ಟದ ಕೆಲಸವಲ್ಲ.

ಕ್ಯಾನ್ಸರ್‌ನ ಪ್ರಶ್ನೆಗೆ ನೇರ ಉತ್ತರ ಇನ್ನೂ ಸಿಕ್ಕಿಲ್ಲ. 2018ರಲ್ಲಿ ಹಾರ್ವರ್ಡ್‌ನ ತಂಡ ಅಮೆರಿಕದ 5,366 ಕ್ಯಾಬಿನ್ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿತು. ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ 3.4 ಶೇಕಡಾ, ಅದೇ ವಯೋಮಾನ ಮತ್ತು ಆರ್ಥಿಕ ಸ್ಥಿತಿಯ ಇತರರಲ್ಲಿ 2.3. ಇದು ವಿಕಿರಣದ ಕೆಲಸವೋ, ಕೆಟ್ಟ ರಾತ್ರಿಗಳದ್ದೋ, ತಡವಾಗಿ ಮಕ್ಕಳಾಗುವುದರದ್ದೋ? ಒಂದೇ ಅಧ್ಯಯನದಿಂದ ಬಿಡಿಸಿ ಹೇಳಲಾಗದು. ಪೈಲಟ್‌ಗಳಲ್ಲಿ ಮತ್ತು ಕ್ಯಾಬಿನ್ ಸಿಬ್ಬಂದಿಯಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಸಾಮಾನ್ಯರ ಎರಡರಷ್ಟು ಎಂಬುದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡದ್ದು. ಆ ಅಧ್ಯಯನಗಳು ಬಹುತೇಕ ಬಿಳಿಯ ಚರ್ಮದವರವು, ನಮ್ಮಲ್ಲಿ ಮೆಲನೋಮ ಅಪರೂಪ. ಕಾಕ್‌ಪಿಟ್ ಗಾಜು ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಯುವಿ-ಬಿಯನ್ನು ತಡೆಯುತ್ತದೆ, ಯುವಿ-ಎ ಎಷ್ಟು ತಡೆಯುತ್ತದೆ ಎಂಬುದು ಗಾಜಿನಿಂದ ಗಾಜಿಗೆ ಬೇರೆ. ಹಾಗಾಗಿ ಒಳ್ಳೆಯ ಸನ್‌ಗ್ಲಾಸ್ ಮತ್ತು ಮುಖಕ್ಕೆ ಸನ್‌ಸ್ಕ್ರೀನ್ ಎಲ್ಲ ಬಣ್ಣದವರಿಗೂ ಸರಿ.

ಗರ್ಭಿಣಿಯರ ವಿಷಯ ಬೇರೆ, ಅಲ್ಲಿ ಸಂಖ್ಯೆಗಳು ಬಿಗಿ. ಗರ್ಭ ಧರಿಸಿದ್ದನ್ನು ತಿಳಿಸಿದ ಮೇಲೆ ಉಳಿದ ಅವಧಿಗೆ ಭ್ರೂಣಕ್ಕೆ 1 ಮಿಲಿಸೀವರ್ಟ್ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಶಿಫಾರಸು. ಗಂಟೆಗೆ 5 ಮೈಕ್ರೋಸೀವರ್ಟ್ ಇರುವ ಮಾರ್ಗದಲ್ಲಿ ಅದು 200 ಗಂಟೆಗೆ ಮುಗಿಯುತ್ತದೆ. ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ 2015ರಲ್ಲಿ ಹೇಳಿದ ವಿಚಾರ: ಮೊದಲ ಮೂರು ತಿಂಗಳಲ್ಲಿ, ಮನೆಯಲ್ಲಿದ್ದಿದ್ದರೆ ಮಲಗಿರುತ್ತಿದ್ದ ಹೊತ್ತಿನಲ್ಲಿ 15 ಗಂಟೆ ಅಥವಾ ಹೆಚ್ಚು ಹಾರಿದವರಲ್ಲಿ ಗರ್ಭಪಾತದ ಸಂಭವ ಜಾಸ್ತಿ. ಬಹಳಷ್ಟು ಹೆಣ್ಣುಮಕ್ಕಳಿಗೆ ಗರ್ಭ ನಿಂತದ್ದು ತಿಳಿಯುವ ಮೊದಲೇ ರೋಸ್ಟರ್‌ನಲ್ಲಿ ಅಷ್ಟು ಗಂಟೆ ಮುಗಿದಿರುತ್ತದೆ. ಮಗುವಿಗಾಗಿ ಯೋಚಿಸುತ್ತಿರುವವರಿಗೆ ರಾತ್ರಿ ಡ್ಯೂಟಿ ತಪ್ಪಿಸುವ ಅವಕಾಶ, ಕಾರಣ ಕೇಳದೆ, ಸಿಗಬೇಕು.

ಊಟಿಗೂ ದೊಡ್ಡಬೆಟ್ಟಕ್ಕೂ ನಡುವೆ

ವಿಮಾನ 36,000 ಅಡಿಯಲ್ಲಿದ್ದರೂ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರಕ್ಕೆ ಸಮವಾಗಿ ಇಡುತ್ತಾರೆ. ಮುಳ್ಳಯ್ಯನಗಿರಿಯ ನೆತ್ತಿ 6,300 ಅಡಿ. 8,000 ಎಂದರೆ ಊಟಿಗಿಂತ ಮೇಲೆ, ದೊಡ್ಡಬೆಟ್ಟಕ್ಕಿಂತ ಸ್ವಲ್ಪ ಕೆಳಗೆ. ಆ ಎತ್ತರದಲ್ಲಿ ರಕ್ತದ ಆಮ್ಲಜನಕದ ಪ್ರಮಾಣ ಸುಮಾರು ನಾಲ್ಕು ಶೇಕಡಾ ಅಂಶ ಕೆಳಗಿಳಿಯುತ್ತದೆ. ಆರೋಗ್ಯವಂತರಿಗೆ ಅಪಾಯವಿಲ್ಲ, ಆದರೆ ನಿದ್ದೆಗೆಟ್ಟ ತಲೆಗೆ ಇನ್ನಷ್ಟು ಭಾರ. ರಕ್ತಹೀನತೆ ಇರುವ ಗಗನಸಖಿಯರಿಗೆ ತಲೆಸುತ್ತು, ಏದುಸಿರು ಬರುವುದು ಇಲ್ಲಿಯೇ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ನೆನೆದರೆ, ಆರು ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ನೋಡಿಸಿಕೊಳ್ಳುವುದು ಸಣ್ಣ ಸಲಹೆಯಲ್ಲ.

ಅದೇ ಒತ್ತಡದಲ್ಲಿ ದೇಹದೊಳಗಿನ ಗಾಳಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಹೊಟ್ಟೆ ಉಬ್ಬರಿಸುವುದು ಅದಕ್ಕೇ, ಡ್ಯೂಟಿಗೆ ಮುಂಚೆ ರಾಜ್ಮಾ, ಅವರೆಕಾಳು, ಸೋಡಾ ಬೇಡ ಎನ್ನುವುದೂ ಅದಕ್ಕೇ. ಕಿವಿಯ ಕಥೆ ಇನ್ನೂ ಗಂಭೀರ. ಏರುವಾಗ ನಡುಗಿವಿಯ ಗಾಳಿ ಗಂಟಲಿಗೆ ತೆರೆಯುವ ಸಣ್ಣ ನಾಳದಿಂದ ತಾನಾಗಿ ಹೊರಬರುತ್ತದೆ. ಇಳಿಯುವಾಗ ಒಳಹೋಗಬೇಕಾದ ಗಾಳಿಗೆ ಆ ನಾಳ ತಾನಾಗಿ ತೆರೆಯುವುದಿಲ್ಲ, ನುಂಗಬೇಕು, ಆಕಳಿಸಬೇಕು. ನೆಗಡಿಯಿಂದ ಅದು ಊದಿಕೊಂಡಿದ್ದರೆ ಕಿವಿಯ ಪೊರೆ ಒಳಕ್ಕೆ ಸೆಳೆದು, ರಕ್ತ ಕಟ್ಟಿ, ಒಮ್ಮೊಮ್ಮೆ ಹರಿಯುತ್ತದೆ. ಪ್ರಯಾಣಿಕರಿಗೆ ಇದು ದಿನಕ್ಕೊಂದು ಸಲ. ನಾಲ್ಕು ಸೆಕ್ಟರ್ ಹಾರುವವರಿಗೆ ನಾಲ್ಕು ಸಲ. ಮೊದಲ ಸೆಕ್ಟರ್‌ನಲ್ಲಿ ಬರೀ ಕಟ್ಟಿದ ಕಿವಿ ಮೂರನೆಯದರಲ್ಲಿ ಗಾಯವಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದಾಗ ಎರಡೂ ಕಿವಿ ತೆರೆಯದಿದ್ದರೆ ಆ ದಿನ ಹಾರಬಾರದು. ಮೂಗಿನ ಸ್ಪ್ರೇ ಮೇಲೇರಿದ ನಂತರ ಸಿಕ್ಕಿಬಿದ್ದವರಿಗೆ, ಇಳಿಯಲು ಶುರುವಾಗುವ ಅರ್ಧ ಗಂಟೆ ಮುಂಚೆ ಹಾಕಿಕೊಳ್ಳಲು. ಅದನ್ನು ನಂಬಿ ಡ್ಯೂಟಿಗೆ ಹೋಗುವುದು ತಪ್ಪು. ನೆಗಡಿಗೆಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ ಮಾತ್ರೆಗಳಲ್ಲಿ ಹಲವು ಮಂಪರು ತರಿಸುತ್ತವೆ, ಸೆಟ್ರಿಜಿನ್ ಕೂಡ. ಕೆಮ್ಮಿನ ಸಿರಪ್‌ನಲ್ಲಿ ಮಂಪರು ತರಿಸುವ ಕೊಡೀನ್ ಇರಬಹುದು.

ಕ್ಯಾಬಿನ್‌ನ ತೇವಾಂಶ ಹತ್ತರಿಂದ ಇಪ್ಪತ್ತು ಶೇಕಡಾ. ಕಣ್ಣು, ಮೂಗು, ಚರ್ಮ ಒಣಗುತ್ತವೆ. ಪೈಲಟ್‌ಗಳು ನೀರು ಕಡಿಮೆ ಕುಡಿಯುವುದಕ್ಕೆ ಬೇರೊಂದು ಕಾರಣವಿದೆ: ಒಬ್ಬರು ಶೌಚಕ್ಕೆ ಹೊರಡಬೇಕೆಂದರೆ ಕ್ಯಾಬಿನ್ ಸಿಬ್ಬಂದಿಯನ್ನು ಕರೆದು, ಬಾಗಿಲ ಬಳಿ ಯಾರೂ ಇಲ್ಲವೆಂದು ನೋಡಿಕೊಂಡು, ಅವರು ಒಳಬಂದ ಮೇಲೆ ಹೋಗಬೇಕು. ಇಷ್ಟೆಲ್ಲ ಯಾಕೆಂದು ನೀರನ್ನೇ ಬಿಡುತ್ತಾರೆ. ವರ್ಷಗಳ ಈ ಅಭ್ಯಾಸ ಮೂತ್ರಪಿಂಡದ ಕಲ್ಲಿಗೆ ದಾರಿ, ಕಲ್ಲು ಕಾಣಿಸಿದರೆ ಮೆಡಿಕಲ್‌ನಲ್ಲಿ (ಕಡ್ಡಾಯ ವೈದ್ಯಕೀಯ ಪರೀಕ್ಷೆಯಲ್ಲಿ) ಹಾರಾಟ ನಿಲ್ಲುತ್ತದೆ. ಗಂಟೆಗೊಂದು ಲೋಟ ನೀರು ಕುಡಿಯುವುದು ಆ ಎಲ್ಲ ತಾಪತ್ರಯಕ್ಕಿಂತ ಸುಲಭ.

ಕ್ಯಾಬಿನ್ ಸಿಬ್ಬಂದಿಯ ಬೆನ್ನು, ಭುಜ, ಪಾದಗಳನ್ನು ಮರೆಯುವಂತಿಲ್ಲ. ವಿಮಾನ ಸಮತಲದಲ್ಲಿ ಹಾರುವಾಗಲೂ ಮೂಗು ಎರಡು ಮೂರು ಡಿಗ್ರಿ ಮೇಲಿರುತ್ತದೆ, ತುಂಬಿದ ಟ್ರಾಲಿಯನ್ನು ಮುಂದಕ್ಕೆ ತಳ್ಳುವುದೆಂದರೆ ಏರಿಗೆ ತಳ್ಳಿದಂತೆ. ಒಬ್ಬರು ತಳ್ಳಿ ಒಬ್ಬರು ಎಳೆಯಬೇಕು, ಬ್ರೇಕ್ ಕೆಟ್ಟ ಟ್ರಾಲಿಯನ್ನು ತಕ್ಷಣ ಬರೆದು ಪಕ್ಕಕ್ಕಿಡಬೇಕು. ಗಾಳಿ ಕುಲುಕಾಟದಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಬೆಲ್ಟ್ ಕಟ್ಟದೆ ನಿಂತಿರುವ ಇವರೇ.

ಹೇಳಿಕೊಳ್ಳಲಾಗದ ಕಾಯಿಲೆ

ಪೈಲಟ್‌ನ ಲೈಸೆನ್ಸ್ ಮೆಡಿಕಲ್ ಮೇಲೆ ನಿಂತಿದೆ. 60 ದಾಟುವವರೆಗೆ ವರ್ಷಕ್ಕೊಮ್ಮೆ, ನಂತರ ಆರು ತಿಂಗಳಿಗೊಮ್ಮೆ. ಅನ್‌ಫಿಟ್ ಆದವರ ವಿಶೇಷ ಪರೀಕ್ಷೆಗೆ ಇರುವ ಕೆಲವೇ ಕೇಂದ್ರಗಳಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. 1957ರಲ್ಲಿ ಶುರುವಾದ ಆ ಸಂಸ್ಥೆಯಲ್ಲೇ ಗಗನಯಾನಕ್ಕೆ ಆಯ್ಕೆಯಾದವರ ಪರೀಕ್ಷೆ ನಡೆದದ್ದು. ರಕ್ತ, ಮೂತ್ರ, ಇಸಿಜಿ, ಕಿವಿ, ಕಣ್ಣು ಎಲ್ಲವನ್ನೂ ಅಳೆಯುತ್ತಾರೆ. ಕಳೆದ ತಿಂಗಳು ಎಷ್ಟು ರಾತ್ರಿ ಸರಿಯಾಗಿ ಮಲಗಿದಿರಿ ಎಂಬುದನ್ನು ಅಳೆಯುವ ಯಂತ್ರ ಅಲ್ಲಿಲ್ಲ.

ಮನಸ್ಸಿನ ವಿಷಯದಲ್ಲಿ ಭಯ ಇನ್ನೂ ಆಳ. ಹೇಳಿದರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ತರಬೇತಿಗೆ ಮಾಡಿದ ಲಕ್ಷಗಟ್ಟಲೆ ಸಾಲ ಉಳಿಯುತ್ತದೆ. 2016ರಲ್ಲಿ ಹಾರ್ವರ್ಡ್‌ನ ಇನ್ನೊಂದು ತಂಡ ಹೆಸರು ಕೇಳದೆ ಸಮೀಕ್ಷೆ ನಡೆಸಿದಾಗ ಖಿನ್ನತೆಯ ಪ್ರಶ್ನೆಗಳಿಗೆ ಉತ್ತರಿಸಿದ 1,848 ಪೈಲಟ್‌ಗಳಲ್ಲಿ 12.6 ಶೇಕಡಾ ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. 4.1 ಶೇಕಡಾ ಮಂದಿಗೆ ಹಿಂದಿನ ಎರಡು ವಾರದಲ್ಲಿ ಸಾಯುವ ಯೋಚನೆ ಬಂದಿತ್ತು. ಹೆಸರು ಕೇಳದಿದ್ದಾಗ ಮಾತ್ರ ಈ ಸಂಖ್ಯೆ ಹೊರಬರುತ್ತದೆ ಎಂಬುದೇ ಇಲ್ಲಿ ಗಮನಿಸಬೇಕಾದ್ದು. 2025ರ ಜೂನ್ 12ರ ಅಹಮದಾಬಾದ್ ವಿಮಾನ ದುರಂತದ ನಾಲ್ಕು ದಿನದ ನಂತರ ಏರ್ ಇಂಡಿಯಾದ 112 ಪೈಲಟ್‌ಗಳು ಅನಾರೋಗ್ಯದ ರಜೆ ಹಾಕಿದ್ದರು ಎಂದು ಸರ್ಕಾರ ಲೋಕಸಭೆಗೆ ತಿಳಿಸಿತು. ಅದನ್ನು ಶಿಸ್ತಿನ ಪ್ರಶ್ನೆಯಂತೆ ನೋಡಿದವರಿದ್ದರು. ಇವತ್ತು ಹಾರುವ ಸ್ಥಿತಿಯಲ್ಲಿಲ್ಲ ಎಂದು ತಿಳಿದು ಹಿಂದೆ ಸರಿಯುವುದು ಪೈಲಟ್‌ನ ಕರ್ತವ್ಯದ ಭಾಗ, ನಿಯಮವೂ ಹಾಗೇ ಹೇಳುತ್ತದೆ.

ರೋಸ್ಟರ್ ಕೈಗೆ ಬಂದಾಗ

ರಾತ್ರಿ ಡ್ಯೂಟಿಯ ದಿನ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ದೇಹ ತಾನಾಗಿ ಸ್ವಲ್ಪ ಜೋಲುತ್ತದೆ. ಆಗ ಕತ್ತಲೆ ಕೋಣೆಯಲ್ಲಿ ಒಂದೂವರೆ ಗಂಟೆ ಮಲಗಿದರೆ ನಿದ್ದೆಯ ಒಂದು ಪೂರ್ತಿ ಸುತ್ತು ಮುಗಿಯುತ್ತದೆ. ಕಾಫಿಯ ಅರ್ಧದಷ್ಟು ಅಂಶ ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಮಲಗುವವರು ರಾತ್ರಿ ಎರಡರ ನಂತರ ಕುಡಿಯಬಾರದು. ಡ್ಯೂಟಿ ಮುಗಿಸಿ ಮನೆಗೆ ಬರುವಾಗ ಕ್ಯಾಬ್‌ನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡರೆ ಬೆಳಗಿನ ಬಿಸಿಲು ಮೆದುಳಿನ ಗಡಿಯಾರವನ್ನು ಎಬ್ಬಿಸುವುದಿಲ್ಲ. ಸ್ವಂತ ಕಾರು ಓಡಿಸಿಕೊಂಡು ಬರುವುದನ್ನಂತೂ ಬಿಡಲೇಬೇಕು. ನಸುಕಿನ ಡ್ಯೂಟಿಗಳು ಸಾಲಾಗಿ ಬಂದಾಗ ಎರಡನೇ ದಿನ ಮಧ್ಯಾಹ್ನವೇ ಒಂದು ನಿದ್ದೆ ಮಾಡಬೇಕು, ಎಲ್ಲವನ್ನೂ ವಾರದ ರಜೆಗೆ ಕೂಡಿಡಬಾರದು. ರಾತ್ರಿಯ ಮುಖ್ಯ ಊಟ ಡ್ಯೂಟಿಗೆ ಮುಂಚೆ ಮುಗಿಯಲಿ, ಎರಡರ ಮೇಲೆ ಹಸಿವಾದರೆ ಮೊಸರನ್ನವೋ ಬಾಳೆಹಣ್ಣೋ ಸಾಕು. ಮನೆಯವರು ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆ ಎಂದರೆ ನಿದ್ರಾ ಪರೀಕ್ಷೆಗೆ ಹೋಗಬೇಕು. ಉಸಿರುಗಟ್ಟುವ ನಿದ್ದೆಗೆ ಚಿಕಿತ್ಸೆಯಿದೆ, ಮುಚ್ಚಿಟ್ಟರೆ ಇರುವ ನಿದ್ದೆಯೂ ನಿದ್ದೆಯಾಗುವುದಿಲ್ಲ.

ಇನ್ನು ದಣಿವಿನ ವರದಿ. 'ತುಂಬಾ ಸುಸ್ತಾಗಿತ್ತು' ಎಂದು ಬರೆದ ವರದಿ ಕಪಾಟಿಗೆ ಹೋಗುತ್ತದೆ, ಸಂಖ್ಯೆ ಇರುವ ವರದಿ ಪ್ರಶ್ನೆ ಕೇಳುತ್ತದೆ. ಅದರಲ್ಲಿ ಇರಬೇಕಾದ್ದು: ಹಿಂದಿನ 24 ಗಂಟೆಯಲ್ಲಿ ಎಷ್ಟು ನಿದ್ದೆ, 48 ಗಂಟೆಯಲ್ಲಿ ಎಷ್ಟು, ಎದ್ದದ್ದು ಎಷ್ಟು ಗಂಟೆಗೆ, ಕ್ಯಾಬ್ ಬಂದದ್ದು ಎಷ್ಟಕ್ಕೆ, ಕೊನೆಯ ಲ್ಯಾಂಡಿಂಗ್ ಹೊತ್ತಿಗೆ ಎಷ್ಟು ಗಂಟೆ ಎಚ್ಚರ, ದಣಿವನ್ನು ಅಳೆಯುವ ಸ್ಯಾಮ್-ಪೆರೆಲಿ ಅಳತೆಯ ಒಂದರಿಂದ ಏಳರಲ್ಲಿ ಯಾವ ಅಂಕಿ, ಅವತ್ತು ಏನು ತಪ್ಪಿತು ಅಥವಾ ತಪ್ಪುವುದರಲ್ಲಿತ್ತು. ತಪ್ಪಿದ ರೇಡಿಯೋ ಕರೆ, ಎರಡು ಸಲ ಓದಬೇಕಾದ ಚೆಕ್‌ಲಿಸ್ಟ್, ತಡವಾಗಿ ಇಳಿಸಿದ ರೆಕ್ಕೆಯ ಫ್ಲಾಪ್, ಯಾವುದೂ ಚಿಕ್ಕದಲ್ಲ. ಒಂದೇ ರೋಸ್ಟರ್ ಜೋಡಣೆಯ ಮೇಲೆ ಹತ್ತು ಜನ ಹೀಗೆ ಬರೆದರೆ, ಮೂರು ತಿಂಗಳಿಗೊಮ್ಮೆ ಡಿಜಿಸಿಎಗೆ ಹೋಗುವ ವರದಿಯಲ್ಲಿ 3.40ರ ಅಲಾರಂ ಮೊದಲ ಬಾರಿಗೆ ಒಂದು ಸಾಲಾಗಿ ಕಾಣಿಸುತ್ತದೆ.